ಅಂಗಮ್ಮನ ನಲವತ್ತು ಎಕರೆ

ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಅಂಗಮ್ಮ ಇಪ್ಪತ್ಮೂರು ವರ್ಷ ಚೆಕಿಂಗ್ ಕೆಲಸ ಮಾಡಿದಳು. ಹೊಲಿದು ಬಂದ ಬನಿಯನ್ನುಗಳನ್ನು ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮೇಲೆ ಹರಡಬೇಕು. ತೂತು, ಎಣ್ಣೆ ಕಲೆ, ತಪ್ಪಿದ ಹೊಲಿಗೆ ಕಂಡಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಮತ್ತೆ ಮುಂದಿನ ಬನಿಯನ್. ದಿನಕ್ಕೆ ಸಾವಿರದ ಹತ್ತಿರ ಬಟ್ಟೆ ಅವಳ ಕೈ ದಾಟಿ ಹೋಗುತ್ತಿದ್ದವು. ಅವಳ ಮೇಜು ದಾಟಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ನೋಡುವ ಅಗತ್ಯವಿಲ್ಲ ಎಂದು ಸೂಪರ್‌ವೈಸರುಗಳು ಹೇಳುತ್ತಿದ್ದರು.

2020ರಲ್ಲಿ ಲಾಕ್‌ಡೌನ್ ಬಂತು. ಕಂಪೆನಿ ಮತ್ತೆ ಬಾಗಿಲು ತೆಗೆದಾಗ ಚೆಕಿಂಗ್ ವಿಭಾಗದಲ್ಲಿ ಅರ್ಧ ಜನರನ್ನಷ್ಟೇ ಕರೆಸಿಕೊಂಡರು. ಐವತ್ತು ದಾಟಿದವರಿಗೆ ಫೋನ್ ಮಾಡುತ್ತೇವೆ ಎಂದಿದ್ದರು. ಅಂಗಮ್ಮನಿಗೆ ಆಗ ಐವತ್ತೊಂದು. ಎರಡು ತಿಂಗಳು ಕಾದು, ಬಾಡಿಗೆ ಕೋಣೆಯ ಪಾತ್ರೆಪಡಗ ಕಟ್ಟಿಕೊಂಡು ಅವಳು ಬಸ್ಸು ಹತ್ತಿದಳು.

ಅವಳ ಊರು ವೇಲವಲಸು, ಧಾರಾಪುರಂ ದಾಟಿ ಒಳಗೆ ಹೋಗಬೇಕು. ಗಂಡ ಲಿಂಗಪ್ಪನ್ ಇಷ್ಟೂ ವರ್ಷ ಅಲ್ಲೇ ಕುರಿ ಮೇಯಿಸಿಕೊಂಡಿದ್ದವನು. ಮಗಳನ್ನು ಉಡುಮಲೈಗೆ ಮದುವೆ ಮಾಡಿ ಕೊಟ್ಟಾಗಿತ್ತು. ಅವರ ಮನೆತನದವರು ಎಷ್ಟೋ ತಲೆಮಾರುಗಳ ಹಿಂದೆ ಬಂದು ಇಲ್ಲಿ ಹೊಲ ಮಾಡಿಕೊಂಡವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಗಂಡನಿಗೂ ಬಾರದು, ಹೆಂಡತಿಗೂ ಬಾರದು.

ಊರಿಗೆ ಬಂದ ಮೇಲೆ ಅಂಗಮ್ಮನಿಗೆ ದಿನ ಹೋಗುವುದೇ ಕಷ್ಟವಾಯಿತು. ಕೈಗೆ ಕೆಲಸವಿತ್ತು, ಅಡಿಗೆ, ಕುರಿಕೊಟ್ಟಿಗೆ, ನೀರು. ಕಣ್ಣಿಗೆ ಕೆಲಸವಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತಿತ್ತು.

ಊರ ಶಾಲೆಯ ಹಿಂದೆ ನಲವತ್ತು ಎಕರೆ ಬಯಲು ಇತ್ತು. ದೂರ ದೂರಕ್ಕೆ ನಿಂತ ಹತ್ತಿಪ್ಪತ್ತು ಬಿಳಿಜಾಲಿ ಮರ ಬಿಟ್ಟರೆ ಉಳಿದದ್ದೆಲ್ಲ ಹುಲ್ಲು, ಕಲ್ಲು, ಕೆಂಪು ಮಣ್ಣು. ಊರಿನವರು ಅದನ್ನು ಮೇಚ್ಚಲ್ ಎನ್ನುತ್ತಿದ್ದರು, ನಮ್ಮ ಕಡೆಯ ಗೋಮಾಳದ ಹಾಗೆ, ಎಲ್ಲರ ದನಕುರಿಗಳೂ ಮೇಯುವ ಜಾಗ. ಸರಕಾರಿ ದಾಖಲೆಯಲ್ಲಿ ಮಾತ್ರ ಅದು ತರಿಶು, ಅಂದರೆ ಏನೂ ಬೆಳೆಯದ ಬಂಜರು.

2022ರ ಜನವರಿಯಿಂದ ಪ್ರತಿ ಶನಿವಾರ ಕೊಯಮತ್ತೂರಿನ ಒಂದು ಟ್ರಸ್ಟಿನವರು ಶಾಲೆಯ ಮಕ್ಕಳನ್ನು ಆ ಬಯಲಿಗೆ ಕರೆದುಕೊಂಡು ಬರತೊಡಗಿದರು. ಹಕ್ಕಿ, ಹುಳು, ಹುಲ್ಲು ತೋರಿಸಿ ಹೊರಾಂಗಣದಲ್ಲೇ ಪಾಠ ಮಾಡುವ ಸಂಸ್ಥೆ ಅದು. ಬರುತ್ತಿದ್ದವಳು ಮೇರಿ, ಇಪ್ಪತ್ತೇಳರ ಹುಡುಗಿ, ಕೊಳ್ಳೇಗಾಲದವಳು, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮಕ್ಕಳಿಗೆ ಮಜ್ಜಿಗೆ ಕೊಡಲು ಯಾರಾದರೂ ಬೇಕು ಎಂದಾಗ ಅಂಗಮ್ಮ ಒಪ್ಪಿಕೊಂಡಿದ್ದಳು.

ಎರಡನೇ ಶನಿವಾರವೋ ಮೂರನೆಯದೋ, ಅವಳು ಮಜ್ಜಿಗೆಯ ಕೊಡ ಹೊತ್ತು ಬರುವಾಗ ಮೇರಿ ಜಾಲಿಮರದ ನೆರಳಿನಲ್ಲಿ ಕೂತು ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡುತ್ತಿದ್ದಳು. "ತಿಂಡಿ ಆಯ್ತಮ್ಮ. ಬಿಸಿಲು ಇನ್ನೂ ಅಷ್ಟಿಲ್ಲ. ಭಾನುವಾರ ಬರ್ತೀನಿ."

ಅಂಗಮ್ಮ ಕೊಡ ಇಳಿಸದೆ ಹಾಗೇ ನಿಂತಳು. ಫೋನು ಮುಗಿದ ಮೇಲೆ ಕೇಳಿದಳು. "ಅಮ್ಮಿಣಿ, ನೀ ನಮ್ಮ ಮಾತು ಆಡ್ತೀಯಲ್ಲ?"

ಮೇರಿ ತಿರುಗಿ ನೋಡಿದಳು. "ನಿಮ್ಮ ಮಾತು ಅಂದ್ರೆ?"

"ನಾವು ಮನೇಲಿ ಆಡಾ ಮಾತು. ಹೊರಗಿನವರು ಯಾರೂ ಆಡಿದ್ದು ನಾ ಕೇಳಿಲ್ಲ."

"ಇದು ಕನ್ನಡ ಅಕ್ಕಾ. ನೀವು ಕನ್ನಡದವರಾ?"

"ಹೂಂ, ಅಂಗೇ ಅಂತಾರೆ. ಆನಾ ನಿನ್ನಂಗೆ ನೀಟಾಗಿ ಬರಾಕಿಲ್ಲ. ಪಾದಿಗೆ ಪಾದಿ, ಅರ್ದಕ್ಕರ್ದ ತಮಿಳು ಸೇರೋಗದೆ."

ಮೇರಿಗೆ ಆ ಊರಿನಲ್ಲಿ ತಡವರಿಸದೆ ಮಾತಾಡಲು ಒಬ್ಬರು ಸಿಕ್ಕಂತಾಯಿತು. ಅವಳ ತಮಿಳು ಆಗಿನ್ನೂ ತರಗತಿಯಲ್ಲಿ ಮಕ್ಕಳನ್ನು ನಗಿಸುವ ಮಟ್ಟದ್ದು. ಅಂದಿನಿಂದ ಮಜ್ಜಿಗೆ ಕುಡಿದು ಮುಗಿದರೂ ಅಂಗಮ್ಮ ಮನೆಗೆ ಹೋಗುತ್ತಿರಲಿಲ್ಲ. ಮಕ್ಕಳ ಸಾಲಿನ ಹಿಂದೆ ಖಾಲಿ ಕೊಡ ಹಿಡಿದು ನಡೆಯುತ್ತಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಒಂದು ಜೊತೆ ಹಳದಿ ಟಿಟ್ಟಿಭಗಳು ಅವರ ತಲೆಯ ಮೇಲೆ ಸುತ್ತುತ್ತ ಕೂಗುತ್ತಿದ್ದವು. ಉದ್ದ ಕಾಲಿನ, ಮರಳು ಬಣ್ಣದ ಹಕ್ಕಿ. ಕೊಕ್ಕಿನ ಬುಡದಲ್ಲಿ ಹಳದಿ ತೊಗಲು. ಜನ ಕಂಡರೆ ಕೂಗಿ ತಿಳಿಸುತ್ತದೆಂದು ತಮಿಳಿನಲ್ಲಿ ಅದರ ಜಾತಿಗೆ ಆಳ್ಕಾಟ್ಟಿ ಎಂದು ಹೆಸರು. ಎಲ್ಲೋ ಹತ್ತಿರದಲ್ಲೇ ಗೂಡಿದೆ ಎಂದು ಮೇರಿಗೆ ಗೊತ್ತಿತ್ತು. ಎರಡು ಶನಿವಾರದಿಂದ ಹುಡುಕುತ್ತಿದ್ದಳು. ಮಕ್ಕಳನ್ನು ನಿಲ್ಲಿಸಿ ತಾನೊಬ್ಬಳೇ ಮೆಲ್ಲಗೆ ಮುಂದೆ ಹೊರಟಳು.

"ಅಮ್ಮಿಣಿ," ಹಿಂದಿನಿಂದ ಅಂಗಮ್ಮ ಕರೆದಳು. ದನಿ ಎತ್ತಲಿಲ್ಲ. "ಅಲ್ಲೇ ನಿಲ್ಲು. ಕಾಲು ಮುಂದಕ್ಕೆ ಇಡಬ್ಯಾಡ."

ಮೇರಿ ನಿಂತಳು. ನೆಲ ನೋಡಿದಳು. ಕಲ್ಲುಗಳಷ್ಟೇ ಕಂಡವು.

"ನಿನ್ನ ಎಡಗಾಲಿಂದ ಒಂದು ಮೊಳ ಮುಂದೆ. ನಾಕು ಅದೆ."

ಆಗ ಕಂಡಿತು. ಬರಿಯ ನೆಲದಲ್ಲೊಂದು ಅಂಗೈಯಷ್ಟು ತಗ್ಗು, ಸುತ್ತ ಸಣ್ಣ ಕಲ್ಲು ಮತ್ತು ಕುರಿಹಿಕ್ಕೆ, ನಡುವೆ ಮಣ್ಣಿನದೇ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ. ಎಲ್ಲರೂ ಹಿಂದಕ್ಕೆ ಸರಿದು ದೂರ ಹೋದ ಮೇಲೆ ಮೇರಿ ಕೇಳಿದಳು. "ಅಷ್ಟು ದೂರದಿಂದ ಹೇಗೆ ಕಂಡಿತು ಅಕ್ಕಾ?"

"ನಾಕೂ ಚೂಪು ಮೂತಿ ಒಳಗೆ ಮಾಡಿ ಮಲಗಿದ್ದೊ. ಕಲ್ಲು ಅಂಗೆ ಮಲಗಾಕಿಲ್ಲ."

ಮೇರಿ ಆ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡಳು. ಆಮೇಲೆ, "ಮುಂದಿನ ವಾರದಿಂದ ಮಜ್ಜಿಗೆ ಬೇರೆ ಯಾರಾದರೂ ತರಲಿ. ನೀವು ನನ್ನ ಜೊತೆ ಪಾಠ ಮಾಡಿ" ಎಂದಳು.

"ನಾನು ಓದಿದ್ದು ಎಂಟನೇ ಕ್ಲಾಸು, ಕಣ್ಣು." ಅಮ್ಮಿಣಿಯಂತೆ ಕಣ್ಣು ಕೂಡ ಆ ಕಡೆ ಅಕ್ಕರೆಯಿಂದ ಕರೆಯುವ ಮಾತು.

"ನಾನು ಎಂ.ಎಸ್ಸಿ. ಮೊಟ್ಟೆ ತುಳಿಯೋದರಲ್ಲಿದ್ದೆ."

ಮೊದಮೊದಲು ಅಂಗಮ್ಮ ಒಳ್ಳೆಯ ಟೀಚರಾಗಲಿಲ್ಲ. ಅವಳಿಗೆ ಗೊತ್ತಿದ್ದ ಕಲಿಸುವ ರೀತಿ ಒಂದೇ, ಕಂಪೆನಿಯದು. ಮಕ್ಕಳು ಗದ್ದಲ ಮಾಡಿದರೆ ಗದರುವಳು. ಹಕ್ಕಿಯ ಹೆಸರು ತಪ್ಪು ಹೇಳಿದರೆ, "ಸರಿಯಾಗಿ ನೋಡಿದ್ಯಾ? ಏನು ನೋಡಿದೆ?" ಎಂದು ಎಲ್ಲರೆದುರು ನಿಲ್ಲಿಸಿ ಕೇಳುವಳು. ಮಕ್ಕಳು ಬಾಯಿ ಮುಚ್ಚಿಕೊಂಡರು. ಏಳನೇ ತರಗತಿಯ ತೆನ್ಮೊಳಿ ಎಂಬ ಹುಡುಗಿ ಶನಿವಾರ ಬರುವುದನ್ನೇ ಬಿಟ್ಟಳು.

ಅಂಗಮ್ಮ ಅವಳ ಮನೆಗೇ ಹೋದಳು. ತೆನ್ಮೊಳಿ ಹೂ ಕಟ್ಟುತ್ತಾ ಕೂತಿದ್ದಳು.

"ಯಾಕೆ ಬರೋದು ಬಿಟ್ಟೆ ಕಣ್ಣು?"

ಹುಡುಗಿ ತಲೆ ಎತ್ತಲಿಲ್ಲ. "ನೀವು ತಪ್ಪು ಮಾತ್ರ ಹುಡುಕ್ತೀರ ಅತ್ತೆ."

ಅಂಗಮ್ಮ ಮನೆಗೆ ಹೊರಟಳು. ದಾರಿಯಲ್ಲಿ ಅವಳಿಗೆ ಸಿಟ್ಟು ಬಂತು, ಆಮೇಲೆ ಆ ಸಿಟ್ಟು ನಾಚಿಕೆಯಾಯಿತು. ಹುಡುಗಿ ಹೇಳಿದ್ದು ನಿಜ. ಇಪ್ಪತ್ಮೂರು ವರ್ಷದಲ್ಲಿ ಒಂದು ಬನಿಯನ್ನನ್ನೂ ಚೆನ್ನಾಗಿದೆ ಎಂದು ಅವಳು ಎತ್ತಿ ನೋಡಿರಲಿಲ್ಲ. ಚೆನ್ನಾಗಿದ್ದದ್ದು ಸುಮ್ಮನೆ ಕೈದಾಟಿ ಹೋಗುತ್ತಿತ್ತು.

ಮುಂದಿನ ಶನಿವಾರ ಅವಳು ಮಕ್ಕಳಿಗೆ ಬೇರೆಯದೇ ಕೆಲಸ ಕೊಟ್ಟಳು. ಒಬ್ಬೊಬ್ಬರೂ ಒಂದೊಂದು ಗೇಣಿನಷ್ಟು ನೆಲದ ಮುಂದೆ ಕೂರಬೇಕು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಅಂಗಮ್ಮನಿಗೇ ಗೊತ್ತಿಲ್ಲದ್ದೊಂದನ್ನು ಅವಳಿಗೆ ತೋರಿಸಬೇಕು. ಗೆಳತಿಯರು ಎಳೆದುಕೊಂಡು ಬಂದಿದ್ದರಿಂದ ಅಂದು ತೆನ್ಮೊಳಿಯೂ ಇದ್ದಳು. ಅರ್ಧ ಗಂಟೆ ಮುಗಿದ ಮೇಲೆ ಅವಳು ಒಂದು ಹುಲ್ಲುಕಡ್ಡಿಯಿಂದ ನೆಲದ ಮೇಲಿನ ಬಟನ್ನಿನಷ್ಟು ದುಂಡಗಿನ ಜಾಗವನ್ನು ಎತ್ತಿದಳು. ಅದು ಕದದ ಹಾಗೆ ತೆರೆದುಕೊಂಡಿತು. ಒಳಗೆ ರೇಷ್ಮೆ ಹಚ್ಚಿದ ಗೋಡೆಯ ಬಿಲ, ಬಿಲದೊಳಗೆ ಒಂದು ಜೇಡ. ಅದು ಕದವನ್ನು ಒಳಗಿನಿಂದ ಎಳೆದು ಮುಚ್ಚಿಕೊಂಡಿತು.

ಅಂಗಮ್ಮ ಮಂಡಿಯೂರಿ ನೋಡಿದಳು. "ನಂಗೆ ಇದು ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಎಲ್ಲರಿಗೂ ಹೇಳು" ಎಂದಳು. ತೆನ್ಮೊಳಿ ಹೇಳತೊಡಗಿದವಳು ಮಜ್ಜಿಗೆ ಬರುವ ತನಕ ನಿಲ್ಲಿಸಲಿಲ್ಲ.

ಅಲ್ಲಿಂದ ಒಂದು ವರ್ಷ ಚೆನ್ನಾಗಿ ನಡೆಯಿತು. ಶನಿವಾರ ಬಂದರೆ ಮಕ್ಕಳು ಆರು ಗಂಟೆಗೇ ಶಾಲೆಯ ಹಿಂದೆ ನಿಂತಿರುತ್ತಿದ್ದರು.

2023ರ ಏಪ್ರಿಲ್ ಮೂರನೇ ವಾರ ಮೇಚ್ಚಲ್‌ಗೆ ಬಂದಾಗ ನೆಲದ ಮೇಲೆಲ್ಲ ಸುಣ್ಣದ ಗುರುತುಗಳಿದ್ದವು. ಹನ್ನೆರಡು ಅಡಿಗೊಂದು, ಸಾಲು ಸಾಲಾಗಿ, ಈ ತುದಿಯಿಂದ ಆ ತುದಿಯವರೆಗೆ. ವಿಚಾರಿಸಿದಾಗ ಪಂಚಾಯತಿ ತಲೈವರ್, ಅಂದರೆ ಅಧ್ಯಕ್ಷ, ಮೈಲ್‌ಸಾಮಿ ಸಂತೋಷದಿಂದಲೇ ಹೇಳಿದ. ತಿರುಪ್ಪೂರಿನ ಒಂದು ದೊಡ್ಡ ಕಂಪೆನಿ ಊರಿಗೆ ಹತ್ತು ಸಾವಿರ ಗಿಡ ಕೊಡುತ್ತಿದೆ. ಮೇ ಒಂದರ ಗ್ರಾಮಸಭೆಯಲ್ಲಿ ಒಪ್ಪಿಗೆ ಆದರೆ ಮಾರನೇ ವಾರ ಜೆಸಿಬಿ ಬಂದು ಗುಂಡಿ ತೆಗೆಯುತ್ತದೆ. ಸುತ್ತ ಬೇಲಿಯನ್ನೂ ಅವರೇ ಹಾಕುತ್ತಾರೆ.

"ತಲೈವರೇ, ಅಲ್ಲಿ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಟ್ಟಿವೆ," ಎಂದಳು ಅಂಗಮ್ಮ.

ಮೈಲ್‌ಸಾಮಿ ಕೆಟ್ಟವನಲ್ಲ. ಶಾಲೆಗೆ ನೀರಿನ ಟ್ಯಾಂಕು ತರಲು ಎರಡು ವರ್ಷ ಓಡಾಡಿದವನು. ಅವನಿಗೆ ಅವಳ ಮಾತು ಅರ್ಥವಾಗಲಿಲ್ಲ, ಅಷ್ಟೇ. "ಅಕ್ಕಾ, ಮರ ಬೇಡ ಅನ್ನೋರು ಯಾರಾದರೂ ಇದ್ದಾರಾ? ಮರ ಬಂದರೆ ಇನ್ನೂ ಹೆಚ್ಚು ಹಕ್ಕಿ ಬರುತ್ತೆ. ತರಿಶು ನೆಲ ಕಾಡಾಗುತ್ತೆ. ನೀವೇ ಮಕ್ಕಳಿಗೆ ಇದನ್ನೇ ತಾನೆ ಹೇಳಿಕೊಡೋದು?"

ಮೇರಿ ಕೊಯಮತ್ತೂರಿನ ಆಫೀಸಿಗೆ ಫೋನ್ ಮಾಡಿದಳು. ನಾವು ಹೊರಗಿನವರು, ಊರು ಮತ್ತು ಕಂಪೆನಿಯ ನಡುವೆ ತಲೆ ಹಾಕುವುದು ಬೇಡ ಎಂಬ ಉತ್ತರ ಬಂತು. ಅದನ್ನು ಅಂಗಮ್ಮನಿಗೆ ಹೇಳುವಾಗ ಮೇರಿಯ ಕಣ್ಣು ತುಂಬಿತ್ತು. "ನೀವು ಊರಿನವರು ಅಕ್ಕಾ. ನೀವು ಮಾತಾಡಬಹುದು. ನಾನು ಪಕ್ಕದಲ್ಲಿ ಇರ್ತೀನಿ."

ಮನೆಯಲ್ಲಿ ಲಿಂಗಪ್ಪನ್ ಕಂಬಂಗೂಳು ಕುಡಿಯುತ್ತಿದ್ದ. ಸಜ್ಜೆಯ ಅಂಬಲಿ, ಬೇಸಿಗೆಯಲ್ಲಿ ಅವನಿಗೆ ಮೂರು ಹೊತ್ತೂ ಅದೇ.

"ಏನುಂಗ, ಮೇಚ್ಚಲ್ ತುಂಬ ಗಿಡ ನೆಡ್ತಾರಂತೆ," ಎಂದಳು.

"ನೆಡಲಿ ಬುಡು. ಕುರಿಗೆ ನೆರಳಾಯ್ತದೆ."

"ಸುತ್ತೂ ಬೇಲಿ ಆಕ್ತಾರಂತೆ. ಗಿಡ ಬೆಳೆಯೋ ತನಕ ಮೂರು ವರುಷ ಕುರಿ ಒಳಗೆ ಓಗಂಗಿಲ್ಲ."

ಲಿಂಗಪ್ಪನ್ ಲೋಟ ಕೆಳಗಿಟ್ಟ. "ಯಾರು ಯೋಳಿದ್ದು?"

"ತಲೈವರೇ ಯೋಳಿದ್ರು."

"ಆಮೇಲೆ?"

"ಆಮೇಲೆ ಏನು. ಮರದ ಕೆಳಗೆ ಈ ಹುಲ್ಲು ಬರ್ತದಾ? ನಿಮಗೇ ಗೊತ್ತು."

ಅವನು ಬಾಗಿಲಾಚೆ ಕುರಿಕೊಟ್ಟಿಗೆಯ ಕಡೆ ನೋಡಿದ. ಆ ಮೇಲೆ ಹೇಳಿದ. "ಒಂಟಿ ಮರ ಆದ್ರೆ ಸುತ್ತ ಬರ್ತದೆ. ಒತ್ತೊತ್ತಾಗಿ ನೆಟ್ರೆ ಬರಾಕಿಲ್ಲ. ಕೊಳುಕ್ಕಟ್ಟೆ ಹುಲ್ಲಿಗೆ ಬಿಸಿಲೇ ಬೇಕು."

ಗ್ರಾಮಸಭೆಗೆ ಒಂಬತ್ತು ದಿನ ಇತ್ತು. ಸುಮ್ಮನೆ ಹಕ್ಕಿ ಇದೆ ಎಂದರೆ ಯಾರೂ ಕೇಳುವುದಿಲ್ಲ, ಎಷ್ಟು, ಎಲ್ಲೆಲ್ಲಿ ಎಂದು ಹೇಳಬೇಕು ಎಂಬುದು ಅಂಗಮ್ಮನ ಯೋಚನೆ. ಮೇರಿ ಗ್ರಾಮ ಆಡಳಿತಾಧಿಕಾರಿಯಿಂದ ಮೇಚ್ಚಲ್‌ನ ನಕ್ಷೆಯ ಪ್ರತಿ ತಂದು, ಅದನ್ನು ಹಾಸಿಗೆಯಷ್ಟು ದೊಡ್ಡದಾಗಿ ಮಾಡಿಸಿದಳು. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಕ್ಕಳು ಇಬ್ಬಿಬ್ಬರಾಗಿ ಬಯಲಿನ ಅಂಚಿನಲ್ಲಿ ಕೂತರು. ಗೂಡು ಹುಡುಕಿಕೊಂಡು ಒಳಗೆ ತಿರುಗಾಡುವಂತಿಲ್ಲ ಎಂದು ಅಂಗಮ್ಮ ಮೊದಲೇ ಹೇಳಿದ್ದಳು. ದೂರದಿಂದ ಹಕ್ಕಿಯ ಮೇಲೆ ಕಣ್ಣಿಟ್ಟು, ಅದು ಮತ್ತೆ ಮತ್ತೆ ಬಂದು ಎಲ್ಲಿ ಕೂರುತ್ತದೆ ಎಂದು ನೋಡಬೇಕು. ಮೂರು ದಿನ ಒಂದೇ ಜಾಗದಲ್ಲಿ ಕೂತರೆ ಮಾತ್ರ ನಕ್ಷೆಗೆ ಗುರುತು. ಗುರುತಿಗೆ ಅವಳು ತಿರುಪ್ಪೂರಿನಿಂದ ತಂದಿದ್ದ ಪೆಟ್ಟಿಗೆಯಲ್ಲಿ ಉಳಿದಿದ್ದ ಕೆಂಪು ಬಾಣದ ಸ್ಟಿಕ್ಕರ್ ಬಂದವು.

ಇತ್ತ ಲಿಂಗಪ್ಪನ್ ಊರಿನ ಇತರ ಕುರಿಯವರನ್ನು ಸೇರಿಸಿದ. ನಾಲ್ಕು ಜನ ಮುದುಕರು ಒಂದು ಸಂಜೆ ಬಯಲಲ್ಲಿ ನಡೆಯುತ್ತ ಒಂದೊಂದು ಹುಲ್ಲನ್ನೂ ಕಿತ್ತು ಹೆಸರು ಹೇಳಿದರು. ಯಾವುದು ಹಾಲಿಗೆ ಒಳ್ಳೆಯದು, ಯಾವುದು ಒಣಗಿದ ಮೇಲೂ ಕುರಿ ತಿನ್ನುತ್ತದೆ, ಯಾವುದು ಮಳೆ ಬಿದ್ದ ಮೂರನೇ ದಿನಕ್ಕೆ ಹುಟ್ಟುತ್ತದೆ. ತೆನ್ಮೊಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂವತ್ತೊಂದು ಹೆಸರಾಯಿತು. ಮುದುಕರಿಗೇ ಅಚ್ಚರಿ. ಇಷ್ಟು ಗೊತ್ತಿದೆ ಎಂದು ಅವರಲ್ಲಿ ಯಾರೂ ಎಣಿಸಿಕೊಂಡಿರಲಿಲ್ಲ.

ಮೇ ಒಂದರಂದು ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಇನ್ನೂರರ ಹತ್ತಿರ ಜನ ಸೇರಿದ್ದರು. ಕಂಪೆನಿಯ ಕಡೆಯಿಂದ ಸತೀಶ್ ಕುಮಾರ್ ಎಂಬವರು ಬಂದಿದ್ದರು, ನಲವತ್ತರ ಆಸುಪಾಸು, ಗಿಡ ನೆಡಿಸುವ ಕೆಲಸವೆಲ್ಲ ಅವರ ಜವಾಬ್ದಾರಿ. ಕಾರ್ಯದರ್ಶಿ ತೀರ್ಮಾನ ಓದಿದ. ಹತ್ತು ಸಾವಿರ ಗಿಡ ಎಂದಾಗ ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆ ಎದ್ದು ನಿಲ್ಲುವುದು ಅಂಗಮ್ಮನಿಗೆ ಸುಲಭವಾಗಲಿಲ್ಲ. ಕಂಪೆನಿಯಲ್ಲಿ ಇದ್ದಷ್ಟು ದಿನ ಅವಳು ಒಂದು ಮೀಟಿಂಗಿನಲ್ಲೂ ಬಾಯಿ ತೆರೆದವಳಲ್ಲ. ಪಕ್ಕದಲ್ಲಿ ಕೂತ ಮೇರಿ ಅವಳ ಕೈ ಮುಟ್ಟಿದಳು. ಅಂಗಮ್ಮ ಎದ್ದಳು.

"ತಲೈವರೇ, ತೀರ್ಮಾನಕ್ಕೆ ಮುಂಚೆ ಒಂದು ತೋರಿಸಬೇಕು," ಎಂದು ತಮಿಳಿನಲ್ಲಿ ಹೇಳಿದಳು.

ತೆನ್ಮೊಳಿ ಮತ್ತು ಇನ್ನೊಬ್ಬ ಹುಡುಗಿ ನಕ್ಷೆಯನ್ನು ಎರಡು ಕಡೆ ಹಿಡಿದು ಬಿಚ್ಚಿದರು.

"ಇದು ನಮ್ಮ ಮೇಚ್ಚಲ್. ಒಂದೊಂದು ಬಾಣವೂ ಒಂದೊಂದು ಗೂಡು. ಆಳ್ಕಾಟ್ಟಿದು ಆರು. ನೆಲಗುಬ್ಬಿಯದು ಒಂಬತ್ತು. ಕೌಜುಗದ್ದು ಎರಡು. ಹದಿನೇಳು. ಎಲ್ಲದರಲ್ಲೂ ಈಗ ಮೊಟ್ಟೆ, ಇಲ್ಲವೇ ಮರಿ."

ಹಿಂದಿನಿಂದ ಯಾರೋ ನಕ್ಕರು. "ಹಕ್ಕಿ ಬೇರೆ ಕಡೆ ಹೋಗಿ ಗೂಡು ಕಟ್ಟಿಕೊಳ್ಳುತ್ತೆ ಬಿಡಿ ಅಕ್ಕಾ."

"ಮರದ ಮೇಲೆ ಕೂರುವ ಹಕ್ಕಿ ಆದರೆ ಕಟ್ಟಿಕೊಳ್ಳುತ್ತೆ. ಇದು ಮರ ಹತ್ತಲ್ಲ. ಕೊಂಬೆ ಹಿಡಿಯೋ ಕಾಲಲ್ಲ ಅದರದ್ದು. ಅದಕ್ಕೆ ಬಯಲೇ ಬೇಕು. ಸುತ್ತ ನಾಲ್ಕು ಕಡೆಯಿಂದ ಯಾರು ಬರುತ್ತಾರೆ ಅಂತ ಕಾಣಬೇಕು. ನಮ್ಮ ಸುತ್ತಮುತ್ತ ಇಷ್ಟು ದೊಡ್ಡ ಬಯಲು ಇನ್ನೆಲ್ಲಿ ಉಳಿದಿದೆ, ನೀವೇ ಹೇಳಿ."

ಲಿಂಗಪ್ಪನ್ ಎದ್ದು, ಮೂವತ್ತೊಂದು ಹುಲ್ಲಿನ ಹೆಸರನ್ನು ನೋಟ್‌ಬುಕ್ ನೋಡದೆ ಬಾಯಲ್ಲೇ ಹೇಳಿದ. ಮೂರು ವರ್ಷ ಬೇಲಿ ಹಾಕಿದರೆ ಊರಿನ ಐನೂರು ಕುರಿ ಎಲ್ಲಿ ಮೇಯಬೇಕು ಎಂದು ಕೇಳಿ ಕೂತ. ಈಗ ಶಾಮಿಯಾನದ ಕೆಳಗೆ ಗುಸುಗುಸು ಎದ್ದಿತು. ಬೇಲಿಯ ವಿಷಯ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಸತೀಶ್ ಕುಮಾರ್ ಮಧ್ಯೆ ಬಂದರು. "ಅಮ್ಮಾ, ನಾವೇ ಎರಡು ಸಲ ಬಂದು ಅಳತೆ ಮಾಡಿದ್ದೇವೆ. ನಮ್ಮವರಿಗೆ ಒಂದು ಗೂಡೂ ಕಾಣಲಿಲ್ಲ."

"ಕಾಣೋದಿಲ್ಲ ಸಾರ್. ಕಾಣಬಾರದು ಅಂತಲೇ ಅದು ಹಾಗೆ ಇಡೋದು. ಇನ್ನೂರು ಹೆಜ್ಜೆ ನನ್ನ ಜೊತೆ ಬನ್ನಿ, ತೋರಿಸ್ತೀನಿ."

ಹೊತ್ತು ಹನ್ನೆರಡಾಗಿತ್ತು. ಸುಡುಬಿಸಿಲು. ಹೊರಟವರು ಮೂವತ್ತು ಜನ ಇರಬಹುದು. ಮೈಲ್‌ಸಾಮಿ ತಲೆಗೆ ಟವೆಲ್ ಹಾಕಿಕೊಂಡ, ಸತೀಶ್ ಕುಮಾರ್‌ಗೆ ಯಾರೋ ಕೊಡೆ ಕೊಟ್ಟರು. ಅಂಗಮ್ಮ ಅವರನ್ನು ಒಂದು ಜಾಲಿಮರದ ಕೆಳಗೆ ನಿಲ್ಲಿಸಿದಳು.

"ಇಲ್ಲಿಂದ ಮುಂದೆ ಬೇಡ. ಹತ್ತಿರ ಹೋದರೆ ಹಕ್ಕಿ ಎದ್ದುಬಿಡುತ್ತೆ. ಈ ಬಿಸಿಲಿಗೆ ಮೊಟ್ಟೆ ಬೇಯುತ್ತೆ. ಮೇರಿ, ದುರ್ಬೀನು ಸಾರ್‌ಗೆ ಕೊಡು."

ಸತೀಶ್ ಕುಮಾರ್ ಕಣ್ಣಿಗೆ ದುರ್ಬೀನು ಇಟ್ಟು ಆ ಕಡೆ ಈ ಕಡೆ ತಿರುಗಿಸಿದರು. "ಕಲ್ಲು ಕಾಣುತ್ತೆ."

"ಮೂರನೇ ಸಾಲಿನ ಸುಣ್ಣದ ಗುರುತು ನೋಡಿ. ಅದರ ಬಲಕ್ಕೆ, ಒಂದು ತೋಳು."

ಅವರು ಅಲ್ಲೇ ನಿಲ್ಲಿಸಿದರು. ಹಕ್ಕಿ ಕೂತಿರಲಿಲ್ಲ, ನಿಂತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತ, ರೆಕ್ಕೆಯನ್ನು ಸ್ವಲ್ಪ ಅಗಲಿಸಿ, ತನ್ನ ನೆರಳು ಮೊಟ್ಟೆಗಳ ಮೇಲೆ ಬೀಳುವಂತೆ ನಿಂತಿತ್ತು. ಹೊಟ್ಟೆಯ ಗರಿ ಒದ್ದೆಯಾಗಿತ್ತು. ನೋಡುತ್ತಿದ್ದಂತೆಯೇ ಅದರ ಜೋಡಿ ಶಾಲೆಯ ಕೈಪಂಪಿನ ಕಡೆಯಿಂದ ಹಾರಿ ಬಂದು ಇಳಿಯಿತು, ಅದರ ಹೊಟ್ಟೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಮೊದಲನೆಯದು ಸರಿದು ಜಾಗ ಬಿಟ್ಟಿತು. ಬಂದದ್ದು ತಗ್ಗಿ ತನ್ನ ಒದ್ದೆ ಗರಿಯನ್ನು ಮೊಟ್ಟೆಗಳ ಮೇಲೆ ಹರಡಿತು.

"ಬೆಳಿಗ್ಗೆ ಹತ್ತರಿಂದ ಮೂರರ ತನಕ ಎರಡೂ ಹೀಗೇ ಸರದಿ ಮಾಡುತ್ತವೆ," ಎಂದಳು ಅಂಗಮ್ಮ. "ನೀರಲ್ಲಿ ನೆನೆದು ಬಂದು ಮೊಟ್ಟೆ ತಂಪು ಮಾಡುತ್ತವೆ."

ಸತೀಶ್ ಕುಮಾರ್ ತುಂಬ ಹೊತ್ತು ದುರ್ಬೀನು ಇಳಿಸಲಿಲ್ಲ. ಕೊನೆಗೆ ಕೇಳಿದರು. "ಆ ಸುಣ್ಣದ ಗುರುತು ನಾವು ಹಾಕಿದ್ದಾ?"

"ಹೌದು ಸಾರ್."

"ನಮ್ಮವರು ಗುರುತು ಹಾಕುವಾಗ ಇದು ಇಲ್ಲೇ ಇತ್ತಾ?"

"ಇಲ್ಲೇ. ಅವರು ಹೋಗುವ ತನಕ ಸುತ್ತ ಕೂಗುತ್ತಲೇ ಇತ್ತು ಅಂತ ಮಕ್ಕಳು ಹೇಳಿದರು."

ಅವರು ದುರ್ಬೀನನ್ನು ಮೈಲ್‌ಸಾಮಿಯ ಕೈಗೆ ಕೊಟ್ಟರು. ಮೈಲ್‌ಸಾಮಿ ನೋಡಿ ಹಿಂದಿದ್ದವರಿಗೆ ಕೊಟ್ಟ. ಹಾಗೆ ಅದು ಮೂವತ್ತು ಕೈ ದಾಟಿತು. ಶಾಮಿಯಾನದಲ್ಲಿ ಹಿಂದಿನಿಂದ ನಕ್ಕಿದ್ದವನೂ ತನ್ನ ಸರದಿಗೆ ಕಾದು ನೋಡಿದ.

"ಹಾಗಾದರೆ ಹತ್ತು ಸಾವಿರ ಗಿಡ ನಾನು ಎಲ್ಲಿಗೆ ಒಯ್ಯಲಿ ಅಮ್ಮಾ?" ಸತೀಶ್ ಕುಮಾರ್ ಕೇಳಿದರು. ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿತ್ತು.

ಅಂಗಮ್ಮ ಆ ಪ್ರಶ್ನೆಗೆ ಸಿದ್ಧವಾಗಿಯೇ ಬಂದಿದ್ದಳು. ಶಾಮಿಯಾನಕ್ಕೆ ಮರಳಿದ ಮೇಲೆ ನಕ್ಷೆಯ ಹಿಂಬದಿ ತಿರುಗಿಸಿದಳು. ಅಲ್ಲಿ ಮಕ್ಕಳು ಹಸಿರು ಪೆನ್ನಿನಲ್ಲಿ ಊರು ಬರೆದಿದ್ದರು. ಕಾಲುವೆಯ ಏರಿ, ರಸ್ತೆ ಅಗಲ ಮಾಡುವಾಗ ಹುಣಸೆಮರಗಳು ಹೋದ ಎರಡು ಮೈಲಿ, ಬಸ್ ನಿಲ್ದಾಣ, ಸುಡುಗಾಡು, ಶಾಲೆಯ ಮುಂಭಾಗ. "ಇಲ್ಲೆಲ್ಲ ನೆರಳು ಬೇಕು. ಇಲ್ಲಿ ನಾಲ್ಕು ಸಾವಿರ ಹಿಡಿಸುತ್ತೆ. ಬೇವು, ಹೊಂಗೆ, ಹುಣಸೆ ಕೊಡಿ, ಮಕ್ಕಳು ನೀರು ಹಾಕುತ್ತಾರೆ. ಉಳಿದದ್ದನ್ನು ಪಕ್ಕದ ಊರಿನವರು ಕೆರೆ ಏರಿಗೆ ಕೇಳಿದ್ದಾರೆ. ನಿನ್ನೆಯೇ ಹೋಗಿ ಮಾತಾಡಿ ಬಂದೆ."

ಮೈಲ್‌ಸಾಮಿ ನಕ್ಕುಬಿಟ್ಟ. "ಅಕ್ಕಾ, ಇದನ್ನೆಲ್ಲ ನನಗೆ ಮುಂಚೆಯೇ ಹೇಳಬಾರದಿತ್ತಾ?"

"ಹೇಳಿದೆ ತಲೈವರೇ. ಆವಾಗ ನನ್ನ ಹತ್ತಿರ ನಕ್ಷೆ ಇರಲಿಲ್ಲ."

ಅಂಗಮ್ಮನ ಮಾತಿಗೆ ಒಪ್ಪುವವರು ಕೈ ಎತ್ತಲು ಹೇಳಿದಾಗ ಎತ್ತದ ಕೈಗಳನ್ನು ಎಣಿಸುವುದೇ ಸುಲಭವಾಗಿತ್ತು. ಮೂರೋ ನಾಲ್ಕೋ. ಗಿಡಗಳು ಕಾಲುವೆ ಮತ್ತು ರಸ್ತೆಗೆ, ಮೇಚ್ಚಲ್ ಈಗಿರುವಂತೆಯೇ ಇರಬೇಕು ಎಂದು ತೀರ್ಮಾನ ಬರೆದರು. ಸರಕಾರಿ ದಾಖಲೆಯಲ್ಲಿನ ತರಿಶು ಎಂಬ ಪದ ಬದಲಿಸುವ ಅಧಿಕಾರ ಗ್ರಾಮಸಭೆಗಿಲ್ಲ. ಆದರೂ ಪಂಚಾಯತಿಯ ಕಾಗದಗಳಲ್ಲಿ ಇನ್ನು ಮುಂದೆ ಅದನ್ನು ಮೇವಿನ ನೆಲ, ಹಕ್ಕಿಗಳ ನೆಲ ಎಂದೇ ಬರೆಯಬೇಕು ಎಂದು ಮೈಲ್‌ಸಾಮಿ ತಾನಾಗಿ ಸೇರಿಸಿದ. ಹುಲ್ಲಿನ ಪಟ್ಟಿ, ಗೂಡಿನ ಪಟ್ಟಿ ಎರಡನ್ನೂ ಪಂಚಾಯತಿಯ ಜೀವವೈವಿಧ್ಯ ದಾಖಲೆಗೆ ಅಂಟಿಸಿದರು. ಅದರ ಕೆಳಗೆ ಅಂಗಮ್ಮ, ಲಿಂಗಪ್ಪನ್, ನಾಲ್ಕು ಕುರಿಯವರು, ಇಪ್ಪತ್ತೆರಡು ಮಕ್ಕಳು ರುಜು ಹಾಕಿದರು.

ಹಿಂದಿರುಗುವ ದಾರಿಯಲ್ಲಿ ಮೇರಿ ಅವಳನ್ನು ತಬ್ಬಿಕೊಂಡು ಅತ್ತಳು. ಅಂಗಮ್ಮನಿಗೆ ಅಳು ಬರಲಿಲ್ಲ, ಹಸಿವಾಗಿತ್ತು. "ಬಾ ಕಣ್ಣು, ಮೊದಲು ಉಣ್ಣು," ಎಂದು ಮನೆಗೆ ಕರೆದುಕೊಂಡು ಹೋದಳು. ಅಂದು ಅವರಿಬ್ಬರಿಗೂ ತಟ್ಟೆ ಹಾಕಿ ಬಡಿಸಿದವನು ಲಿಂಗಪ್ಪನ್.

ಮೇ ಕೊನೆಯ ಹೊತ್ತಿಗೆ ಆರು ಟಿಟ್ಟಿಭದ ಗೂಡುಗಳ ಪೈಕಿ ಐದರಲ್ಲಿ ಮರಿಗಳಾದವು. ಹುಟ್ಟಿದ ದಿನವೇ ಮರಿಗಳು ಓಡತೊಡಗಿದವು. ತಾಯಿ ಕೂಗಿದ ಕೂಡಲೇ ನೆಲಕ್ಕೆ ಅಂಟಿಕೊಂಡು ಕಲ್ಲಾಗಿಬಿಡುತ್ತಿದ್ದವು. ಅಕ್ಟೋಬರ್ ಮಳೆಗೆ ಕಂಪೆನಿಯ ಗಿಡಗಳು ಬಂದವು. ಸತೀಶ್ ಕುಮಾರ್ ಈ ಸಲ ಹೆಂಡತಿ ಮಕ್ಕಳನ್ನೂ ಕರೆತಂದಿದ್ದರು. ಕಾಲುವೆ ಏರಿಯ ಮೇಲೆ ಮೊದಲ ಹೊಂಗೆ ಸಸಿಯನ್ನು ಅಂಗಮ್ಮನೇ ನೆಡಬೇಕು ಎಂದು ಹಟ ಹಿಡಿದರು, ಅವಳು ನೆಟ್ಟಳು.

ಆಮೇಲೆ ಸುತ್ತಲಿನ ಊರುಗಳಿಂದ ಕರೆ ಬರತೊಡಗಿತು. ನಮ್ಮಲ್ಲೂ ಇಂಥದೊಂದು ಬಯಲಿದೆ, ಬಂದು ನೋಡಿಕೊಡಿ ಎಂದು. ಅವಿನಾಶಿ ಕಡೆಯ ಎರಡು ಪಂಚಾಯತಿಗಳು ವೇಲವಲಸಿನ ತೀರ್ಮಾನವನ್ನೇ ಮುಂದಿಟ್ಟುಕೊಂಡು ತಮ್ಮ ಮೇಚ್ಚಲ್ ಉಳಿಸಿಕೊಂಡವು. ತಲೆ ಹಾಕುವುದು ಬೇಡ ಎಂದಿದ್ದ ಟ್ರಸ್ಟಿನ ಆಫೀಸಿನವರೇ ಬಂದು ಅಂಗಮ್ಮನನ್ನು ಕೆಲಸಕ್ಕೆ ಸೇರಿಸಿಕೊಂಡರು, ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ.

ಕಳೆದ ಚಳಿಗಾಲದಲ್ಲಿ ಕೊಯಮತ್ತೂರಿನ ಉಕ್ಕಡಂ ಕೆರೆಯ ದಂಡೆಯಲ್ಲಿ ಅಂಥದೊಂದು ತರಬೇತಿ ಇತ್ತು. ಎರಡು ಜಿಲ್ಲೆಗಳಿಂದ ನಲವತ್ತು ಜನ ಶಿಕ್ಷಕರು. ಅಂಗಮ್ಮ ಧಾರಾಪುರಂ ಬಸ್ಸಿನಲ್ಲಿ ಸಿಂಗಾನಲ್ಲೂರಿಗೆ ಬಂದು, ಅಲ್ಲಿಂದ ಟೌನ್ ಬಸ್ಸು ಹಿಡಿದು ಏಳು ಗಂಟೆಗೆಲ್ಲ ಬಂದು ನಿಂತಿದ್ದಳು. ಮೀನು ಮಾರುಕಟ್ಟೆಯ ಲಾರಿಗಳ ಸದ್ದಿನ ನಡುವೆಯೇ ಎಲ್ಲರನ್ನೂ ದಂಡೆಯ ಮೇಲೆ ಕೂರಿಸಿ, ಹೇಗೆ ನೋಡಬೇಕು, ಎಷ್ಟು ದೂರದಿಂದ ನೋಡಬೇಕು, ಮಕ್ಕಳು ತಪ್ಪು ಹೇಳಿದಾಗ ಏನು ಮಾಡಬೇಕು ಎಂದು ಒಂದು ಗಂಟೆ ಮಾತಾಡಿದಳು. ಕಾಗದ ನೋಡಲಿಲ್ಲ.

ಅಷ್ಟರಲ್ಲಿ ಜೊಂಡಿನೊಳಗಿನಿಂದ ಕೋಳಿಯಷ್ಟು ದೊಡ್ಡ, ಪೂರ್ತಿ ನೀಲಿಯ, ಕೆಂಪು ಕೊಕ್ಕಿನ ಒಂದು ಹಕ್ಕಿ ಹೊರಬಂತು. ಅದರ ಹಿಂದೆ ಕಪ್ಪು ಹತ್ತಿಯುಂಡೆಯಂಥ ಮೂರು ಮರಿ. ಬಯಲಿನವಳಾದ ಅಂಗಮ್ಮ ಇಂಥದ್ದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಇದು ಯಾವುದು ಟೀಚರ್?" ಮುಂದೆ ಕೂತಿದ್ದ ಒಬ್ಬ ಯುವ ಶಿಕ್ಷಕ ಕೇಳಿದ.

"ನನಗೆ ಗೊತ್ತಿಲ್ಲ ತಂಬಿ," ಎಂದಳು ಅಂಗಮ್ಮ, ಕಣ್ಣು ಹಕ್ಕಿಯಿಂದ ತೆಗೆಯದೆ. ಅವಳ ಮುಖವೆಲ್ಲ ನಗುವಾಗಿತ್ತು. "ಎಷ್ಟು ಚೆಂದ ಇದೆ ನೋಡಿ. ಯಾರಿಗೆ ಗೊತ್ತೋ ಅವರು ಮುಂದೆ ಬಂದು ನನಗೆ ಹೇಳಿಕೊಡಿ."

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಬಂದಳು. ಅಂಗಮ್ಮ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.